ಎಡಗೈಯ ಮೂರು ಬೆರಳುಗಳ ಇಸುಬು: ಹದಿನಾಲ್ಕು ವಾರಗಳ ದಿನಚರಿ

ನವೆಂಬರ್ 18, ಧಾರವಾಡ. ಚಳಿಗಾಳಿ ಆರಂಭವಾದೊಡನೆ ಎಡಗೈಯ ಹೆಬ್ಬೆರಳು, ತೋರುಬೆರಳು ಮತ್ತು ನಡುಬೆರಳಿನ ತುದಿಗಳು ಮತ್ತೆ ಒಣಗಿ ಸೀಳತೊಡಗಿವೆ. ಇದು ಮೂರನೆಯ ಚಳಿಗಾಲ. ಸಿಪ್ಪೆ ಎದ್ದ ಬೆರಳಚ್ಚನ್ನು ಮೊಬೈಲ್ ಗುರುತಿಸುವುದಿಲ್ಲ, ಉಪ್ಪು ತಾಗಿದರೆ ಚುರ್ ಎನ್ನುತ್ತದೆ. ಕಳೆದ ವರ್ಷ ಇದನ್ನು ಗಜಕರ್ಣವೆಂದು ತಿಳಿದು, ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ತಂದ ಮುಲಾಮನ್ನು ಹಚ್ಚಿದ್ದೆ. ಅದರಲ್ಲಿ ಸ್ಟೀರಾಯ್ಡ್ ಇದ್ದುದರಿಂದ ನಾಲ್ಕೇ ದಿನಗಳಲ್ಲಿ ಮಾಯವಾದದ್ದು, ಹಚ್ಚುವುದನ್ನು ಬಿಟ್ಟ ವಾರದಲ್ಲೇ ಮರಳಿತು. ಇಸುಬು ಎಂದು ಚರ್ಮವೈದ್ಯರು ಹೇಳಿದ ಮೇಲೆ, ಈ ಬಾರಿ ಮನೆಮದ್ದುಗಳನ್ನು ಒಂದೊಂದಾಗಿ, ಎರಡೆರಡು ವಾರ ಪರೀಕ್ಷಿಸಿ ಬರೆದಿಡುತ್ತಿದ್ದೇನೆ. ಅಳತೆ ಸರಳ: ಬೆಳಕಿನಲ್ಲಿ ಕಾಣುವ ಸೀಳುಗಳ ಎಣಿಕೆ. ಇಂದು 7.

ಡಿಸೆಂಬರ್ 2. “ಬೇವಿನ ತಪ್ಪಲಾ, ಅರಿಷಿಣಾ ಅರದು ಹಚ್ಚವಾ” ಎಂಬ ಅತ್ತೆಯವರ ಮಾತಿನಂತೆ ಎರಡು ವಾರ ಲೇಪಿಸಿದೆ. ಹಸಿಯಾಗಿದ್ದಾಗ ತಂಪೆನಿಸುವ ಲೇಪವು ಒಣಗುತ್ತಾ ಚರ್ಮವನ್ನು ಎಳೆದು, ಕೂಡಿಕೊಳ್ಳುತ್ತಿದ್ದ ಸೀಳುಗಳನ್ನು ಮತ್ತೆ ಬಿಡಿಸಿತು. ಸೀಳುಗಳು 9. ಅತ್ತೆಯವರಿಗೆ ಇದನ್ನು ಇನ್ನೂ ಹೇಳಿಲ್ಲ.

ಡಿಸೆಂಬರ್ 16. ಕೊಬ್ಬರಿ ಎಣ್ಣೆ. ಇದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ ಬೆಳಿಗ್ಗೆ ಬಾಟಲಿಯೊಳಗೆ ಚಮಚದ ಹಿಡಿ ತೂರಿಸಿ ಕೆರೆದು ತೆಗೆಯಬೇಕಾಯಿತು. ಒಣ ಬೆರಳಿಗೆ ಹಚ್ಚಿದಾಗ ಹೆಚ್ಚು ಫಲ ಕಾಣಲಿಲ್ಲ. ಕೈ ತೊಳೆದು, ಒರೆಸಿಯೂ ಒರೆಸದಂತೆ ತುಸು ತೇವವಿರುವಾಗಲೇ ಹಚ್ಚಿದರೆ ಮೃದುತ್ವ ಉಳಿಯುತ್ತದೆ, ಏಕೆಂದರೆ ಎಣ್ಣೆಯು ನೀರನ್ನು ಕೊಡುವುದಿಲ್ಲ, ಇರುವ ನೀರು ಆರಿಹೋಗದಂತೆ ತಡೆಯುತ್ತದೆ. ರಾತ್ರಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಹತ್ತಿಯ ಕೈಗವಸು ತೊಟ್ಟು ಮಲಗುತ್ತಿದ್ದೇನೆ. ಸೀಳುಗಳು 5.

ಡಿಸೆಂಬರ್ 30. ಪಾತ್ರೆ ತೊಳೆಯುವ ಸೋಪು ನೇರವಾಗಿ ತಾಗದಂತೆ ಮಾಡಿದೆ. ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿದ ಮೇಲೆ ಕೈಯಿಡುವ ಮೊದಲು ಕಟ್ಟಿಗೆಯ ಸೌಟಿನಿಂದ ತಿರುವಿ ಬಿಸಿ ಇಳಿಸಿದೆ. ಬಲ ಅಂಗೈಯ ಒರಟು ಪೂರ್ತಿ ಹೋಯಿತು. ಎಡಗೈಯ ಎಣಿಕೆ ಮಾತ್ರ ಐದರಲ್ಲೇ ನಿಂತಿದೆ.

ಜನವರಿ 6. ಸೋಪು ಎರಡೂ ಕೈಗಳಿಗೆ ತಾಗುತ್ತದೆ, ಚಳಿಯೂ ಹಾಗೆಯೇ. ಹಾಗಿದ್ದರೆ ಎಡಗೈಯ ಮೂರೇ ಬೆರಳುಗಳೇಕೆ? ಉತ್ತರ ಈಳಿಗೆಮಣೆಯ ಮೇಲಲ್ಲ, ಚಾಕು ಹಿಡಿದಾಗ ಸಿಕ್ಕಿತು. ಕೆಂಪು ಚಟ್ನಿಗೆಂದು ವಾರಕ್ಕೆ ಎರಡು ಕಿಲೋ ಬೆಳ್ಳುಳ್ಳಿ ಬಿಡಿಸುವ ನಾನು ಪ್ರತಿ ಎಸಳನ್ನೂ ಇದೇ ಮೂರು ಬೆರಳುಗಳಲ್ಲಿ ಹಿಡಿದು ಬಲಗೈಯಿಂದ ತುದಿ ಕತ್ತರಿಸುತ್ತೇನೆ. ಮರುದಿನವೇ ವೈದ್ಯರಲ್ಲಿಗೆ ಹೋದೆ. ಹಸಿ ಬೆಳ್ಳುಳ್ಳಿಯನ್ನು ಚರ್ಮಕ್ಕೆ ಕಟ್ಟಿ ಮನೆಯಲ್ಲೇ ಪರೀಕ್ಷಿಸುವ ಯೋಚನೆಯನ್ನು ಅವರು ತಡೆದರು. ಅದರಿಂದ ಚರ್ಮ ಸುಡುತ್ತದಂತೆ. ಬೆಳ್ಳುಳ್ಳಿಯಲ್ಲಿರುವ ಡೈಅಲೈಲ್ ಡೈಸಲ್ಫೈಡ್ ಎಂಬ ವಸ್ತುವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆನ್ನಿಗೆ ಪಟ್ಟಿಯಾಗಿ ಅಂಟಿಸಿ, 48 ಗಂಟೆಗಳ ಬಳಿಕ ತೆಗೆದು, ನಾಲ್ಕನೆಯ ದಿನ ಮತ್ತೊಮ್ಮೆ ನೋಡಿದರು. ಅಲ್ಲಿ ಕೆಂಪಗೆ ಉಬ್ಬಿತ್ತು, ಅಂದರೆ ನನಗೆ ಬೆಳ್ಳುಳ್ಳಿಯ ಅಲರ್ಜಿ.

ಜನವರಿ 27. ಬೆಳ್ಳುಳ್ಳಿ ಬಿಡಿಸುವ ಕೆಲಸವನ್ನು ವೈನಿ (ಅತ್ತಿಗೆ) ವಹಿಸಿಕೊಂಡಿದ್ದಾರೆ. ಸೀಳುಗಳು 2. ಮೂರು ಚಳಿಗಾಲ ಏನನ್ನು ಹಚ್ಚಬೇಕೆಂದು ಹುಡುಕಿದ ನನಗೆ ಏನನ್ನು ಮುಟ್ಟಬಾರದೆಂಬ ಪ್ರಶ್ನೆ ಹೊಳೆಯದಿದ್ದುದು ಈಗ ವಿಚಿತ್ರವೆನಿಸುತ್ತದೆ.

ಫೆಬ್ರವರಿ 10. ವೈನಿ ಊರಿಗೆ ಹೋಗಿದ್ದಾಗ ಬಂದ ಚಟ್ನಿಯ ಬೇಡಿಕೆಯನ್ನು ಬಿಡಲಾಗದೆ, ತೆಳು ರಬ್ಬರ್ ಗವಸು ತೊಟ್ಟು ಅರ್ಧ ಕಿಲೋ ಬಿಡಿಸಿದೆ. ಅಂದು ಏನೂ ಆಗಲಿಲ್ಲ. ಎರಡನೆಯ ರಾತ್ರಿ ಹೆಬ್ಬೆರಳು ತುರಿಸತೊಡಗಿ, ಬೆಳಗಾಗುವಷ್ಟರಲ್ಲಿ ಸಣ್ಣ ನೀರುಗುಳ್ಳೆಗಳೆದ್ದಿದ್ದವು. ಈ ವಸ್ತು ಹೆಚ್ಚಿನ ಗವಸುಗಳನ್ನು ದಾಟಿ ಒಳಗಿಳಿಯುತ್ತದೆ. ಅಲರ್ಜಿಯು ದಿನವೆರಡು ದಿನ ತಡವಾಗಿ ಕಾಣಿಸಿಕೊಳ್ಳುವುದರಿಂದಲೇ ಇಷ್ಟು ವರ್ಷ ನನಗೆ ಬೆಳ್ಳುಳ್ಳಿಯ ಮೇಲೆ ಅನುಮಾನ ಬಂದಿರಲಿಲ್ಲ. ವೈದ್ಯರು ಕೊಟ್ಟ ಮುಲಾಮನ್ನು ಅವರು ಹೇಳಿದ ಏಳು ದಿನ ಮಾತ್ರ ಹಚ್ಚುತ್ತೇನೆ.

ಫೆಬ್ರವರಿ 24. ಸೀಳು 1, ಹೆಬ್ಬೆರಳಿನ ಉಗುರಿನ ಪಕ್ಕದಲ್ಲಿ. ಕೊಬ್ಬರಿ ಎಣ್ಣೆ ಮತ್ತು ರಾತ್ರಿಯ ಗವಸು ಮುಂದುವರಿದಿವೆ. ಇಂದು ಬೆಳಿಗ್ಗೆ ಮೊಬೈಲ್ ಮೊದಲ ಸಲಕ್ಕೇ ತೋರುಬೆರಳನ್ನು ಗುರುತಿಸಿತು.