ಅರ್ಧಕ್ಕಿಳಿಯದ ಬಾವುಟ

2015ರ ಜೂನ್ 17ರ ರಾತ್ರಿ ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಚಾರ್ಲ್ಸ್‌ಟನ್ ನಗರದ ಚರ್ಚೊಂದರಲ್ಲಿ ಬೈಬಲ್ ಅಧ್ಯಯನಕ್ಕೆ ಸೇರಿದ್ದ ಒಂಬತ್ತು ಮಂದಿ ಕಪ್ಪು ಜನರನ್ನು ಬಿಳಿಯ ಯುವಕನೊಬ್ಬ ಗುಂಡಿಕ್ಕಿ ಕೊಂದ. ಶೋಕಸೂಚಕವಾಗಿ ರಾಜಧಾನಿ ಕೊಲಂಬಿಯಾದ ಶಾಸನಸಭಾ ಭವನದ ಗುಮ್ಮಟದ ಮೇಲೆ ರಾಷ್ಟ್ರಧ್ವಜವೂ ರಾಜ್ಯಧ್ವಜವೂ ಅರ್ಧಕ್ಕಿಳಿದವು. ಭವನದ ಎದುರು ಕಬ್ಬಿಣದ ಬೇಲಿಯೊಳಗೆ ನಿಂತಿದ್ದ ಕಂಬದ ಮೇಲಿನ ಕಾನ್ಫೆಡರೇಟ್ ಯುದ್ಧಧ್ವಜ, ಅಂದರೆ ಗುಲಾಮಗಿರಿಯನ್ನು ಉಳಿಸಿಕೊಳ್ಳಲು ದೇಶದಿಂದ ಬೇರ್ಪಟ್ಟ ದಕ್ಷಿಣದ ರಾಜ್ಯಗಳು ಅಮೆರಿಕದ ಅಂತರ್ಯುದ್ಧದಲ್ಲಿ ಹಿಡಿದಿದ್ದ ಬಾವುಟ, ಮಾತ್ರ ತುದಿಯಲ್ಲೇ ಹಾರಾಡುತ್ತಿತ್ತು. ಶಾಸಕರ ಒಪ್ಪಿಗೆಯಿಲ್ಲದೆ ಅದನ್ನು ಅಲುಗಿಸುವಂತಿಲ್ಲ ಎಂದು ಕಾನೂನೇ ಇತ್ತು. ಹಂತಕ ಅದೇ ಬಾವುಟವನ್ನು ಹಿಡಿದು ತೆಗೆಸಿಕೊಂಡಿದ್ದ ಫೋಟೋಗಳು ಅಷ್ಟರಲ್ಲಿ ಹೊರಬಂದಿದ್ದವು. ಹತರಲ್ಲಿ ಒಬ್ಬರಾದ, ಆ ಚರ್ಚಿನ ಪಾದ್ರಿಯೂ ರಾಜ್ಯದ ಸೆನೆಟರೂ ಆಗಿದ್ದ ಕ್ಲೆಮೆಂಟಾ ಪಿಂಕ್ನಿ ಅವರ ಪಾರ್ಥಿವ ಶರೀರವನ್ನು ಅಂತಿಮ ದರ್ಶನಕ್ಕೆ ಭವನದೊಳಗೆ ಇರಿಸಿದಾಗ, ಆ ಬಾವುಟ ಕಣ್ಣಿಗೆ ಬೀಳದಿರಲೆಂದು ಕಿಟಕಿಗೆ ಕಪ್ಪು ಬಟ್ಟೆ ಇಳಿಬಿಡಲಾಗಿತ್ತು.

ಆ ಕಪ್ಪು ಬಟ್ಟೆ ನನ್ನ ಮನಸ್ಸಿನಿಂದ ಹೋಗಿಲ್ಲ. ಸತ್ತವನ ಮುಂದೆ ಮುಚ್ಚಿಡಬೇಕಾದ ಬಾವುಟವನ್ನು ಬದುಕಿರುವವರ ಮುಂದೆ ಹಾರಿಸುವುದು ಹೇಗೆ ಸರಿಯಾದೀತು?

ಅದನ್ನು ಹಾರಿಸುವವರೆಲ್ಲ ದುಷ್ಟರೆಂದು ನಾನು ಹೇಳುವುದಿಲ್ಲ. ಗುಲಾಮರನ್ನು ಇಟ್ಟುಕೊಳ್ಳುವಷ್ಟು ಆಸ್ತಿಯಿಲ್ಲದ ಎಷ್ಟೋ ಬಡ ರೈತರು ಆ ಬಾವುಟದಡಿ ಹೋರಾಡಿ ಮಡಿದರು. ಮುತ್ತಜ್ಜನ ಸಮಾಧಿಯ ಬಳಿ ಅದನ್ನು ನೆಟ್ಟು ಕಣ್ಣೀರು ಹಾಕುವವನಿಗೆ ಅದು ತನ್ನ ಮನೆತನ, ತನ್ನ ಸೀಮೆ, ಸೋತರೂ ತಲೆಬಾಗದ ತನ್ನವರ ಛಲ. ಈ ಮಮತೆ ಸುಳ್ಳಲ್ಲ. ಆದರೆ ಬಾವುಟದ ಅರ್ಥವನ್ನು ಅದನ್ನು ಎತ್ತಿದವನ ಮನಸ್ಸೊಂದೇ ನಿರ್ಣಯಿಸುವುದಿಲ್ಲ. ಅದರ ನೆರಳಿನಲ್ಲಿ ಏನೇನು ನಡೆಯಿತು ಎಂಬುದೂ ಆ ನೂಲಿನಲ್ಲಿ ಸೇರಿಹೋಗಿರುತ್ತದೆ. 1860ರ ಡಿಸೆಂಬರಿನಲ್ಲಿ ಒಕ್ಕೂಟದಿಂದ ಹೊರಬಂದ ದಕ್ಷಿಣ ಕೆರೊಲಿನಾ, ಗುಲಾಮಗಿರಿಗೆ ಉತ್ತರದ ರಾಜ್ಯಗಳು ತೋರುತ್ತಿದ್ದ ವಿರೋಧವೇ ಕಾರಣವೆಂದು ತನ್ನ ಘೋಷಣೆಯಲ್ಲಿ ಬರೆದುಕೊಂಡಿತ್ತು. ಯುದ್ಧ 1865ರಲ್ಲೇ ಮುಗಿದರೂ ಆಮೇಲೆ ಎದುರಿನ ಕಂಬಕ್ಕೆ ಸ್ಥಳಾಂತರಗೊಂಡ ಈ ಬಾವುಟ ಮೊದಲು ಭವನದ ಗುಮ್ಮಟಕ್ಕೇರಿದ್ದು 1960ರ ದಶಕದ ಆರಂಭದಲ್ಲಿ, ಯುದ್ಧದ ಶತಮಾನೋತ್ಸವದ ಹೆಸರಿನಲ್ಲಿ. ಕಪ್ಪು ಜನರು ಸಮಾನ ಹಕ್ಕುಗಳಿಗಾಗಿ ಬೀದಿಗಿಳಿದಿದ್ದ ಕಾಲವೂ ಅದೇ ಆಗಿತ್ತು. ಇದು ಕೇವಲ ಕಾಕತಾಳೀಯವೆಂದು ನಾನು ನಂಬಲಾರೆ. ಅಮೆರಿಕದ ಸೇನೆಯ ವಿರುದ್ಧವೇ ಹಿಡಿದಿದ್ದ ಧ್ವಜವನ್ನು ಅಮೆರಿಕದ ಧ್ವಜದ ಪಕ್ಕದಲ್ಲಿ ಕಟ್ಟಿ ಅದನ್ನು ದೇಶಭಕ್ತಿ ಎಂದು ಕರೆಯುವುದೂ ನನ್ನಿಂದಾಗದು.

ಜೂನ್ 27ರ ಬೆಳಗ್ಗೆ ಬ್ರೀ ನ್ಯೂಸಮ್ ಎಂಬ ಕಪ್ಪು ಮಹಿಳೆ ಹೆಲ್ಮೆಟ್ ಧರಿಸಿ ಆ ಕಂಬವನ್ನೇರಿ ಬಾವುಟವನ್ನು ಬಿಚ್ಚಿದರು. ಇಳಿದೊಡನೆ ಪೊಲೀಸರು ಬಂಧಿಸಿದರು. ಸ್ವಲ್ಪ ಹೊತ್ತಿನಲ್ಲೇ ಬಾವುಟ ಮತ್ತೆ ಮೇಲೇರಿತು. ನನಗೆ ಇದಕ್ಕಿಂತಲೂ ಹೆಚ್ಚು ಕಾಡುವುದು ರಾಜ್ಯದ ಸೆನೆಟರ್ ಪಾಲ್ ಥರ್ಮಂಡ್ ಅವರ ನಿಲುವು. 1948ರಲ್ಲಿ ವರ್ಣಭೇದವನ್ನು ಉಳಿಸಿಕೊಳ್ಳಲೆಂದೇ ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಸ್ಟ್ರಾಮ್ ಥರ್ಮಂಡ್ ಅವರ ಮಗ ಈತ. ಬಾವುಟ ಇಳಿಯಬೇಕೆಂದು ಅವರು ಸದನದಲ್ಲೇ ಎದ್ದುನಿಂತು ಹೇಳಿದರು. ತಂದೆಯ ಮೇಲಿನ ಪ್ರೀತಿಯನ್ನು ಉಳಿಸಿಕೊಂಡೇ ತಂದೆಯ ಕಾಲದ ತಪ್ಪಿಗೆ ಬೆನ್ನು ತೋರುವುದು ಎಷ್ಟು ಕಷ್ಟವೆಂದು ಮನೆತನದ ಹೆಮ್ಮೆಯನ್ನು ಹೊತ್ತ ಯಾರಿಗಾದರೂ ಅರಿವಾದೀತು.

ಸೀಮೆಯ ಅಭಿಮಾನಕ್ಕೆ ಆ ಬಟ್ಟೆಯೇ ಬೇಕಿಲ್ಲ ಎಂಬುದನ್ನು ಮಿಸಿಸಿಪ್ಪಿಯ ಜನ ತೋರಿಸಿಕೊಟ್ಟರು. 1894ರಿಂದ ರಾಜ್ಯಧ್ವಜದ ಮೂಲೆಯಲ್ಲಿದ್ದ ಆ ಚಿಹ್ನೆಯನ್ನು 2001ರ ಜನಮತದಲ್ಲಿ ಉಳಿಸಿಕೊಂಡವರೇ, 2020ರಲ್ಲಿ ಶಾಸಕರು ಹಳೆಯ ಧ್ವಜವನ್ನು ಕೈಬಿಟ್ಟ ಮೇಲೆ, ಮ್ಯಾಗ್ನೋಲಿಯಾ ಹೂವಿನ ಹೊಸ ಧ್ವಜಕ್ಕೆ ಮತ ಹಾಕಿದರು. ಆ ಹೂವು ಯಾರ ಅಂಗಳದಲ್ಲಾದರೂ ಅರಳುತ್ತದೆ.

ಕೊಲಂಬಿಯಾದಲ್ಲಿ 2015ರ ಜುಲೈ 10ರಂದು ಬಾವುಟ ಕೆಳಗಿಳಿಯಿತು. ಅದನ್ನು ಯಾರೂ ಹರಿಯಲಿಲ್ಲ, ಸುಡಲಿಲ್ಲ. ಸಮವಸ್ತ್ರದ ಗಸ್ತು ಸಿಬ್ಬಂದಿ ಗೌರವದಿಂದಲೇ ಇಳಿಸಿ, ಸುತ್ತಿ, ವಸ್ತುಸಂಗ್ರಹಾಲಯಕ್ಕೆ ಕಳುಹಿಸಿಕೊಟ್ಟರು. ಮುತ್ತಜ್ಜನನ್ನು ನೆನೆಯಬಯಸುವವನು ಇನ್ನು ಅಲ್ಲಿಗೆ ಹೋಗಿ ನೆನೆಯಬಹುದು.