ಲೆಪರ್ಡ್ ಗೆಕ್ಕೊ ಮೊಟ್ಟೆ ಮತ್ತು ಕಾವಿನ ಹೊಣೆ

ಟೆಕ್ಸಸ್‌ನ ನಮ್ಮ ಮನೆಯಲ್ಲಿ ಮಗಳ ಆಸೆಗೆಂದು ಬಂದ ಲೆಪರ್ಡ್ ಗೆಕ್ಕೊ ಎಂಬ ಚುಕ್ಕೆಯ ಹಲ್ಲಿಗಳು ಈಗ ಮನೆಯವರೇ ಆಗಿವೆ. ಅವು ಮೊಟ್ಟೆಯಿಡಲು ಆರಂಭಿಸಿದ ಮೇಲೆ, ಇದೇ ಹವ್ಯಾಸವಿರುವ ಕನ್ನಡದ ಗೆಳೆಯರು ನನ್ನಲ್ಲಿ ಹೆಚ್ಚಾಗಿ ಕೇಳುವುದು ಮೊಟ್ಟೆಗೆ ಕಾವು ಕೊಡುವ ಯಂತ್ರಗಳಲ್ಲಿ, ಅಂದರೆ ಇನ್‌ಕ್ಯುಬೇಟರ್‌ಗಳಲ್ಲಿ, ಯಾವುದು ಒಳ್ಳೆಯದು ಎಂದು. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು, ಈ ಮೊಟ್ಟೆಗೆ ಕಾವು ಕೊಡಬೇಕೇ ಎಂಬುದು. ಒಂದು ಸಲಕ್ಕೆ ಸಾಮಾನ್ಯವಾಗಿ ಎರಡೇ ಮೊಟ್ಟೆಗಳಾದರೂ, ಒಮ್ಮೆ ಗಂಡಿನೊಡನೆ ಕೂಡಿದ ಹೆಣ್ಣು ವೀರ್ಯವನ್ನು ದೇಹದಲ್ಲಿ ಕಾಪಿಟ್ಟುಕೊಂಡು ಕೆಲವು ವಾರಗಳ ಅಂತರದಲ್ಲಿ ಮತ್ತೆ ಮತ್ತೆ ಮೊಟ್ಟೆಯಿಡಬಲ್ಲದು. ಹುಟ್ಟುವ ಪ್ರತಿ ಮರಿಯೂ ಹದಿನೈದು ವರ್ಷ, ಚೆನ್ನಾಗಿ ನೋಡಿಕೊಂಡರೆ ಅದಕ್ಕೂ ಹೆಚ್ಚು ಕಾಲ ಬದುಕುತ್ತದೆ. ಅಷ್ಟು ಕಾಲದ ಆಸರೆ ಕಣ್ಣಮುಂದೆ ಕಾಣದಿದ್ದರೆ, ಇಟ್ಟ ದಿನವೇ ಮೊಟ್ಟೆಗಳನ್ನು ಫ್ರೀಜರಿನಲ್ಲಿಟ್ಟು ಬೆಳವಣಿಗೆ ಶುರುವಾಗದಂತೆ ತಡೆಯುವುದೇ ಸರಿಯಾದ ದಾರಿ ಎಂದು ನಾನು ನಂಬಿದ್ದೇನೆ.

ತಂದೆ ತಾಯಿಯರ ತಳಿಯನ್ನೂ ತಿಳಿದಿರಬೇಕು. ನಿಂಬೆ ಬಣ್ಣದ ಸೊಬಗಿಗಾಗಿ ಬೆಳೆಸಲಾದ ‘ಲೆಮನ್ ಫ್ರಾಸ್ಟ್’ ತಳಿಯ ಹಲ್ಲಿಗಳಲ್ಲಿ ಶೇಕಡ 80ಕ್ಕೂ ಹೆಚ್ಚಿನವುಗಳಿಗೆ ಬಣ್ಣದ ಕೋಶಗಳ ಗೆಡ್ಡೆ ಬರುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯ ವಿಜ್ಞಾನಿಗಳ ತಂಡ 2021ರಲ್ಲಿ ಇದನ್ನು ಸ್ಪಿಂಟ್1 ಎಂಬ ಜೀನಿನೊಂದಿಗೆ ಜೋಡಿಸಿ ತೋರಿಸಿತು. ಅಂಥ ಜೋಡಿಯ ಮೊಟ್ಟೆಗೆ ಬಣ್ಣದ ಆಸೆಗಾಗಿ ಕಾವು ಕೊಡುವುದನ್ನು ನಾನು ಒಪ್ಪಲಾರೆ.

ಊರಿನ ಮನೆಗಳಲ್ಲಿ ಕ್ಯಾಲೆಂಡರಿನ ಹಿಂದೆಯೋ ಸ್ವಿಚ್ ಬೋರ್ಡಿನ ಒಳಗೋ ಹಲ್ಲಿಯ ಮೊಟ್ಟೆಗಳನ್ನು ನೋಡಿ ಬೆಳೆದ ನಮಗೆ ಗೆಕ್ಕೊ ಮೊಟ್ಟೆಯ ಬಗ್ಗೆ ಒಂದು ತಪ್ಪು ಕಲ್ಪನೆ ಇರುವುದು ಸಹಜ. ಮನೆಹಲ್ಲಿಯ ಮೊಟ್ಟೆಗೆ ಸುಣ್ಣದ ಗಟ್ಟಿ ಚಿಪ್ಪಿದೆ. ಒಳಗಿನ ನೀರನ್ನು ಅದು ಹಿಡಿದಿಟ್ಟುಕೊಳ್ಳುವುದರಿಂದ ಒಣಗಿದ ಗೋಡೆಯ ಸಂದಿಯಲ್ಲೂ ಮರಿ ಬೆಳೆಯುತ್ತದೆ. ಲೆಪರ್ಡ್ ಗೆಕ್ಕೊದ ಮೊಟ್ಟೆಯ ಹೊದಿಕೆ ತೊಗಲಿನಂತೆ ಮೆತ್ತಗಿದ್ದು, ಸುತ್ತಲಿನ ತೇವವನ್ನು ಹೀರಿಕೊಂಡು ದಿನದಿಂದ ದಿನಕ್ಕೆ ಉಬ್ಬುತ್ತ ಹೋಗುತ್ತದೆ. ಪಾಕಿಸ್ತಾನ, ಅಫ್ಘಾನಿಸ್ತಾನಗಳ ಒಣ ಕಲ್ಲುನೆಲದ ಪ್ರಾಣಿಯಾದರೂ ಹೆಣ್ಣು ಮೊಟ್ಟೆಯಿಡಲು ಒದ್ದೆ ಮಣ್ಣನ್ನೇ ಹುಡುಕುವುದು ಇದೇ ಕಾರಣಕ್ಕೆ. ಆದ್ದರಿಂದ ಮೊಟ್ಟೆಗಳು ಹೊಟ್ಟೆಯ ತೆಳು ಚರ್ಮದ ಮೂಲಕ ಎರಡು ಬಿಳಿ ಉಬ್ಬುಗಳಾಗಿ ಕಾಣತೊಡಗಿದೊಡನೆ, ಒದ್ದೆ ತೆಂಗಿನ ನಾರಿನ ಪುಡಿ ತುಂಬಿದ, ಒಳಗೆ ಹೋಗಲು ತೂತಿರುವ ಮುಚ್ಚಿದ ಡಬ್ಬಿಯೊಂದನ್ನು ಅದರ ಗೂಡಿನಲ್ಲಿಡಬೇಕು.

ಮೊಟ್ಟೆ ಸಿಕ್ಕ ಕೂಡಲೇ ಮಾಡಬೇಕಾದ ಕೆಲಸವೆಂದರೆ ಮೇಲ್ಭಾಗಕ್ಕೆ ಮೆತ್ತನೆಯ ಪೆನ್ಸಿಲಿನಿಂದ ಒಂದು ಚುಕ್ಕೆ ಇಡುವುದು. ಕೋಳಿ ತನ್ನ ಮೊಟ್ಟೆಗಳನ್ನು ದಿನವೂ ತಿರುಗಿಸುತ್ತದೆ, ಆದರೆ ಈ ಮೊಟ್ಟೆಯಲ್ಲಿ ಭ್ರೂಣ ಮೊದಲ ಒಂದೆರಡು ದಿನಗಳಲ್ಲೇ ಮೇಲಿನ ಚಿಪ್ಪಿನ ಒಳಬದಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಮಗುಚಿದರೆ ಅದು ಸಾಯಬಹುದು. ಚುಕ್ಕೆ ಮೇಲಿರುವಂತೆಯೇ ಎತ್ತಿ, ವರ್ಮಿಕ್ಯುಲೈಟ್ ಎಂಬ, ತೇವ ಹಿಡಿದಿಡುವ ಹಗುರ ಖನಿಜದ ಪುಡಿ ತುಂಬಿದ ಡಬ್ಬಿಯಲ್ಲಿ ಅರ್ಧ ಹೂತು ಕೂರಿಸಬೇಕು. ನಾನು ವರ್ಮಿಕ್ಯುಲೈಟ್ ಎಷ್ಟು ತೂಗುತ್ತದೋ ಅಷ್ಟೇ ತೂಕದ ನೀರು ಬೆರೆಸುತ್ತೇನೆ. ಹಿಡಿಯಲ್ಲಿ ಅದುಮಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಮೊಟ್ಟೆ ಕುಗ್ಗಿದಂತೆ ಕಂಡರೆ ಡಬ್ಬಿಯ ಅಂಚಿನಲ್ಲಿ ನೀರು ಸೇರಿಸಬೇಕೇ ವಿನಾ ಮೊಟ್ಟೆಯ ಮೇಲೆ ಚಿಮುಕಿಸಬಾರದು. ವಾರ ಕಳೆದ ಮೇಲೆ ಕತ್ತಲೆ ಕೋಣೆಯಲ್ಲಿ ಸಣ್ಣ ಟಾರ್ಚನ್ನು ಚಿಪ್ಪಿನ ಪಕ್ಕಕ್ಕೆ ತಾಗಿಸಿದರೆ, ಒಳಗೆ ಗುಲಾಬಿ ಹೊಳಪಿನ ನಡುವೆ ಕೆಂಪು ರಕ್ತನಾಳಗಳ ಕವಲುಗಳು ಹರಡಿರುವುದು ಕಾಣುತ್ತದೆ. ಬರಿಯ ಹಳದಿ ಬೆಳಕು ಕಂಡರೆ ಬಹುಶಃ ಅದು ಬಂಜೆ ಮೊಟ್ಟೆ, ಆದರೂ ಬೂಸ್ಟು ಹಿಡಿದು ಕುಸಿಯುವವರೆಗೆ ನಾನು ಅದನ್ನು ಎಸೆಯುವುದಿಲ್ಲ.

ಇನ್ನು ಉಷ್ಣತೆಯ ಮಾತು. ಈ ಹಲ್ಲಿಯ ಮರಿ ಗಂಡಾಗುವುದೋ ಹೆಣ್ಣಾಗುವುದೋ ಎಂಬುದನ್ನು ವರ್ಣತಂತುಗಳು ನಿರ್ಧರಿಸುವುದಿಲ್ಲ, ಕಾವು ನಿರ್ಧರಿಸುತ್ತದೆ. ಸರೀಸೃಪಗಳಲ್ಲಿ ಹೀಗೂ ಉಂಟೆಂದು ಮೊದಲು ವರದಿ ಮಾಡಿದವರು ಮ್ಯಾಡಲೀನ್ ಶಾರ್ನಿಯೇ ಎಂಬ ಸಂಶೋಧಕಿ. 1966ರಲ್ಲಿ, ಸೆನೆಗಲ್‌ನ ಓತಿಕ್ಯಾತವೊಂದರ ಮೊಟ್ಟೆಗಳ ಅಧ್ಯಯನದಿಂದ. ನಮ್ಮ ನದಿಗಳ ಮೊಸಳೆಗಳಲ್ಲೂ ಇದೇ ಬಗೆಯ ವ್ಯವಸ್ಥೆಯಿದೆ. ಲೆಪರ್ಡ್ ಗೆಕ್ಕೊದ ಬಗ್ಗೆ ಬಹಳಷ್ಟು ತಿಳಿದುಬಂದದ್ದು ಇಲ್ಲಿಯೇ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಕ್ರೂಸ್ ಅವರ ಪ್ರಯೋಗಾಲಯದಿಂದ: 26 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಚ್ಚುಕಡಿಮೆ ಎಲ್ಲವೂ ಹೆಣ್ಣು, 30ರಲ್ಲಿ ಹೆಣ್ಣುಗಳೇ ಹೆಚ್ಚಾಗಿ ಗಂಡುಗಳೂ ಸ್ವಲ್ಪ, 32.5ರಲ್ಲಿ ಬಹುಪಾಲು ಗಂಡು, 34ಕ್ಕೆ ಏರಿದರೆ ಮತ್ತೆ ಬಹುತೇಕ ಹೆಣ್ಣು. ಅಷ್ಟೇ ಅಲ್ಲ, ಹೆಚ್ಚು ಕಾವಿನಲ್ಲಿ ಹುಟ್ಟಿದ ಹೆಣ್ಣುಗಳು ಕಡಿಮೆ ಕಾವಿನ ಹೆಣ್ಣುಗಳಿಗಿಂತ ಜಗಳಗಂಟಿಯಾಗಿರುತ್ತವೆ. ಕಾವನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್‌ನ ಗುಂಡಿ ತಿರುಗಿಸುವ ನಮ್ಮ ಕೈ ಒಂದು ಜೀವದ ಲಿಂಗವನ್ನೂ ಸ್ವಭಾವದ ಒಂದಂಶವನ್ನೂ ತಿದ್ದುತ್ತಿದೆ ಎಂಬ ಅರಿವು ನನ್ನನ್ನು ಪ್ರತಿ ಸಲವೂ ತಡೆದು ನಿಲ್ಲಿಸುತ್ತದೆ. ಗಂಡುಗಳನ್ನು ಒಂದೇ ಗೂಡಿನಲ್ಲಿಟ್ಟರೆ ಕಚ್ಚಾಡಿ ಗಾಯಗೊಳ್ಳುತ್ತವೆ, ಅವುಗಳಿಗೆ ಮನೆ ಹುಡುಕುವುದೂ ಕಷ್ಟ. ಹೀಗಾಗಿ ನಾನು 27ರ ಆಸುಪಾಸಿನಲ್ಲೇ ಕಾವು ಕೊಡುತ್ತೇನೆ. 32 ಡಿಗ್ರಿಯಲ್ಲಿ ಒಂದೂವರೆ ತಿಂಗಳೊಳಗೆ ಮರಿಯಾಗಬಹುದಾದದ್ದು ಇಲ್ಲಿ ಎರಡು ತಿಂಗಳನ್ನೂ ದಾಟುತ್ತದೆ. ಆ ತಾಳ್ಮೆ ನಷ್ಟವೇನಲ್ಲ. ಕೋಳಿಮೊಟ್ಟೆಯ ಇನ್‌ಕ್ಯುಬೇಟರ್ ಕೊಂಡವರು ಅದರ ಮೂಲ 37.5 ಡಿಗ್ರಿಯನ್ನು ಬದಲಿಸದೆ ಈ ಮೊಟ್ಟೆಗಳನ್ನು ಒಳಗಿಡಬಾರದು, ಭ್ರೂಣ ಉಳಿಯುವುದಿಲ್ಲ. ಯಂತ್ರದ ಪರದೆ ತೋರಿಸುವ ಅಂಕಿಯನ್ನಷ್ಟೇ ನೆಚ್ಚದೆ, ಮೊಟ್ಟೆಗಳ ಮಗ್ಗುಲಲ್ಲೇ ಬೇರೊಂದು ಥರ್ಮಾಮೀಟರ್ ಇಡುವುದು ಒಳಿತು.

ಮರಿ ಹೊರಬರುವ ಹೊತ್ತಿಗೆ ಮೊಟ್ಟೆಯ ಮೇಲೆ ಬೆವರಿನಂಥ ಹನಿಗಳು ಮೂಡಿ, ಬಿಗಿಯಾಗಿದ್ದ ಚಿಪ್ಪು ಸಡಿಲಗೊಳ್ಳುತ್ತದೆ. ಮೂತಿಯ ತುದಿಯಲ್ಲಿರುವ ಎರಡು ಪುಟ್ಟ ಮೊಟ್ಟೆಹಲ್ಲುಗಳಿಂದ ಮರಿ ಚಿಪ್ಪನ್ನು ಸೀಳಿ, ತಲೆಯನ್ನಷ್ಟೇ ಹೊರಗಿಟ್ಟು ಗಂಟೆಗಟ್ಟಲೆ ಸುಮ್ಮನಿರಬಹುದು. ಹೊಟ್ಟೆಯ ಬಳಿ ಉಳಿದ ಹಳದಿ ಲೋಳೆ ಒಳಸೇರಲು ಅದಕ್ಕೆ ಆ ಸಮಯ ಬೇಕು. ನೋಡುವವರಿಗೆ ಎಷ್ಟೇ ಕಳವಳವಾದರೂ ಎಳೆದು ಬಿಡಿಸಬಾರದು.

ಮೂರು ಗ್ರಾಂ ಆಸುಪಾಸಿನ ಆ ಮರಿಗೆ ತಾಯಿಯ ಚುಕ್ಕೆಗಳಿರುವುದಿಲ್ಲ. ಕಪ್ಪು ಹಳದಿ ಪಟ್ಟೆಗಳಿರುತ್ತವೆ, ಚುಕ್ಕೆ ಬರುವುದು ಬೆಳೆಯುತ್ತ ಹೋದಂತೆ. ಮುಟ್ಟಲು ಹೋದರೆ ಕಾಲೂರಿ ಎತ್ತರವಾಗಿ ನಿಂತು, ಬಾಲ ಆಡಿಸುತ್ತ ಕಿರುಚುತ್ತದೆ. ಮೊದಲ ಕೆಲವು ದಿನ ಅದನ್ನು ಹಿಡಿಯದಿರುವುದೇ ಉಪಕಾರ. ಮರಳು ನುಂಗಿ ಕರುಳು ಕಟ್ಟದಂತೆ ಒದ್ದೆ ಪೇಪರ್ ಟವೆಲ್ ಹಾಸಿ, ಪ್ರತಿ ಮರಿಯನ್ನೂ ಬೇರೆ ಬೇರೆ ಡಬ್ಬಿಯಲ್ಲಿಡಬೇಕು. ಒಂದೆರಡು ದಿನಗಳಲ್ಲಿ ಮೊದಲ ಪೊರೆ ಕಳಚಿ ಅದನ್ನೇ ತಿಂದುಬಿಡುತ್ತದೆ. ಆಮೇಲೆ ಅದರ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಲ್ಲದ ಕ್ರಿಕೆಟ್ ಹುಳುಗಳನ್ನು, ವಿಟಮಿನ್ ಡಿ3 ಬೆರೆಸಿದ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ ಕೊಡಬಹುದು. ಇದೇ ಪುಡಿ ತಾಯಿಗೂ ಬೇಕು. ಚಿಪ್ಪು ಕಟ್ಟಲು ತನ್ನ ಮೂಳೆಯ ಸುಣ್ಣವನ್ನೇ ಕೊಟ್ಟಿರುವ ಆ ಹೆಣ್ಣಿನ ಬಾಲ ಸೊರಗಿದ್ದರೆ, ಮತ್ತೆ ದಪ್ಪವಾಗುವವರೆಗೆ ಗಂಡನ್ನು ಅದರ ಗೂಡಿಗೆ ಬಿಡಲೇಬಾರದು.