ಬ್ಯಾಟರಿಗೆ ನೀರು ಹಾಕುವುದು ಚಾರ್ಜ್ ಆದ ಮೇಲೆ

ಪುಣೆ ಹತ್ತಿರದ ಚಾಕಣ್‌ನಲ್ಲಿ ಒಂದು ಗೋಡೌನ್‌ನ ಫೋರ್ಕ್‌ಲಿಫ್ಟ್ (ಸರಕು ಎತ್ತುವ ಗಾಡಿ) ಬ್ಯಾಟರಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಎಲ್ಲವೂ 48 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿಗಳು, ಒಂದೊಂದರಲ್ಲಿ 24 ಸೆಲ್, ಅಂದರೆ ಆಸಿಡ್ ಬೆರೆತ ನೀರಿನಲ್ಲಿ ಸೀಸದ ಪ್ಲೇಟುಗಳು ಮುಳುಗಿರುವ ಡಬ್ಬಿಗಳು. ಹೊಸದಾಗಿ ಸೇರುವ ಹುಡುಗರಲ್ಲಿ ವಿಜಯಪುರ, ಕಲಬುರಗಿ ಕಡೆಯವರು ಜಾಸ್ತಿ. ಅವರಿಗೆ ನಾನು ಮೊದಲು ಕಲಿಸುವುದು ಒಂದೇ: ನೀರು ಹಾಕುವುದು ಚಾರ್ಜ್ ಮುಗಿದ ಮೇಲೆ.

ಯಾಕೆ ಅಂತ ಬಿಡಿಸಿ ಹೇಳದಿದ್ದರೆ ಇದನ್ನು ಯಾರೂ ಪಾಲಿಸುವುದಿಲ್ಲ. ಶಿಫ್ಟ್ ಮುಗಿಸಿ ಬಂದ ಗಾಡಿಯ ಸೆಲ್ ಮುಚ್ಚಳ ತೆಗೆದರೆ ನೀರು ಕೆಳಗಿಳಿದಿರುತ್ತದೆ, ಕೈ ತಾನಾಗಿಯೇ ಕ್ಯಾನಿನ ಕಡೆ ಹೋಗುತ್ತದೆ. ಮೊನ್ನೆ ಇಂಡಿ ಕಡೆಯ ಹುಡುಗನೊಬ್ಬ, "ಅಣ್ಣಾ, ನೀರ ಭಾಳ ಕಡಿಮಿ ಆಗೈತ್ರಿ, ಹಾಕಲೇನ್ರಿ?" ಅಂದ.

"ತಡಿ ತಮ್ಮಾ, ಪ್ಲೇಟ್ ಹೊರಗ ಕಾಣಸ್ತಾವೇನ್ ನೋಡು."

ಟಾರ್ಚ್ ಹಿಡಿದು ಒಂದೊಂದೇ ಸೆಲ್ ಇಣುಕಿದ. "ಇಲ್ರಿ, ಎಲ್ಲಾ ಮುಳುಗ್ಯಾವ."

"ಹಂಗಾರ ಚಾರ್ಜಿಗೆ ಹಚ್ಚು. ನೀರು ಮುಂಜಾನಿ ಹಾಕೂಣು."

ಬ್ಯಾಟರಿ ಖಾಲಿಯಾಗುತ್ತಾ ಹೋದಂತೆ ಆಸಿಡ್ ಪ್ಲೇಟುಗಳ ಒಳಗೆ ಸೇರಿಕೊಳ್ಳುತ್ತದೆ, ಮಟ್ಟ ಇಳಿಯುತ್ತದೆ. ಚಾರ್ಜ್ ಮಾಡುವಾಗ ಅದೇ ಆಸಿಡ್ ವಾಪಸ್ ನೀರಿಗೆ ಬರುತ್ತದೆ, ದ್ರಾವಣ ಬಿಸಿಯಾಗಿ ಹಿಗ್ಗುತ್ತದೆ, ಕೊನೆಗೊನೆಗೆ ನೀರೇ ಒಡೆದು ಗ್ಯಾಸಾಗಿ ಗುಳ್ಳೆಗಳೂ ಏಳುತ್ತವೆ. ಪಾತ್ರೆ ತುಂಬ ಹಾಲಿಟ್ಟು ಒಲೆ ಹಚ್ಚಿದರೆ ಏನಾಗುತ್ತೋ ಇಲ್ಲೂ ಅದೇ. ಆದರೆ ಇಲ್ಲಿ ಉಕ್ಕಿ ಹೋಗುವುದು ಬರೀ ನೀರಲ್ಲ, ಆಸಿಡ್. ಅದಕ್ಕೇ ನನಗೆ ಇದರ ಬಗ್ಗೆ ಇಷ್ಟು ಕಾಳಜಿ. ಗ್ಯಾಸಾಗಿ ಹೋದ ನೀರನ್ನು ಮತ್ತೆ ಹಾಕಬಹುದು, ಚೆಲ್ಲಿದ ಆಸಿಡ್ ನೀರು ಹಾಕಿದರೆ ಬರುವುದಿಲ್ಲ. ಹಾಗೆ ಉಕ್ಕಿಸಿಕೊಳ್ಳುತ್ತಲೇ ಇದ್ದರೆ ಗ್ರ್ಯಾವಿಟಿ (ನೀರಿಗೆ ಹೋಲಿಸಿದರೆ ದ್ರಾವಣ ಎಷ್ಟು ಭಾರ ಅನ್ನುವ ಅಳತೆ) ಇಳಿಯುತ್ತಾ ಹೋಗುತ್ತದೆ, ಬ್ಯಾಟರಿ ಶಿಫ್ಟ್ ಪೂರ್ತಿ ಬಾಳುವುದಿಲ್ಲ. ಚೆಲ್ಲಿದ್ದು ಕೆಳಗಿನ ಕಬ್ಬಿಣದ ಟ್ರೇಯನ್ನು ತಿನ್ನುತ್ತದೆ, ಸೆಲ್‌ಗಳ ತಲೆ ಮೇಲೆ ಒದ್ದೆ ಉಳಿದು ಒಂದರಿಂದ ಇನ್ನೊಂದಕ್ಕೆ ಕರೆಂಟ್ ಸೋರುತ್ತದೆ, ಟರ್ಮಿನಲ್ ಸುತ್ತ ಬಿಳಿ ಹಸಿರು ಪುಡಿ ಕಟ್ಟುತ್ತದೆ.

ಪ್ಲೇಟು ಹೊರಗೆ ಕಾಣುತ್ತಿದ್ದರೆ ಮಾತ್ರ ಬೇರೆ ಲೆಕ್ಕ. ಗಾಳಿಗೆ ತೆರೆದುಕೊಂಡ ಪ್ಲೇಟು ಹಾಳಾಗುತ್ತದೆ, ಅದನ್ನು ಹಾಗೇ ಚಾರ್ಜಿಗೆ ಹಾಕಬಾರದು. ಆಗ ಪ್ಲೇಟು ಮುಳುಗುವಷ್ಟೇ ನೀರು ಹಾಕಿ ಚಾರ್ಜ್ ಮಾಡಿ, ಉಳಿದದ್ದನ್ನು ಚಾರ್ಜ್ ಮುಗಿದ ಮೇಲೆ ಗುರುತಿನವರೆಗೆ ತುಂಬಿಸಿ. ಬಾಯಿತನಕ ಬೇಡ.

ಯಾವ ನೀರು ಅಂತಲೂ ಕೇಳುತ್ತಾರೆ. ಡಿಸ್ಟಿಲ್ಡ್ ಅಥವಾ ಡಿಎಂ (ಖನಿಜ ತೆಗೆದ) ವಾಟರ್, ಅಷ್ಟೇ. ಕುಡಿಯುವ ಬಾಟಲಿ ನೀರು, ಆಫೀಸಿನ ಆರ್‌ಒ ನೀರು, ಏಸಿಯಿಂದ ತೊಟ್ಟಿಕ್ಕುವ ನೀರು ಯಾವುದೂ ಬೇಡ. ನಲ್ಲಿ ನೀರಿನಲ್ಲಿರುವ ಕಬ್ಬಿಣ, ಕ್ಲೋರೈಡ್‌ನಂಥವು ಒಳಗೇ ಉಳಿದುಬಿಡುತ್ತವೆ. ಕಬ್ಬಿಣ ಜಾಸ್ತಿಯಾದರೆ ಸುಮ್ನೆ ನಿಂತ ಬ್ಯಾಟರಿಯೂ ಖಾಲಿಯಾಗುತ್ತದೆ. ಇನ್ನು ಮಟ್ಟ ಇಳಿದಿದೆ ಅಂತ ಆಸಿಡ್ ಹಾಕುವವರೂ ಇದ್ದಾರೆ, ದಯವಿಟ್ಟು ಬೇಡ. ಗ್ಯಾಸಾಗಿ ಹೋಗಿದ್ದು ನೀರು, ಆಸಿಡ್ ಒಳಗೇ ಇದೆ ಅಲ್ವಾ?

ನೀರು ಹಾಕಿದ ತಕ್ಷಣ ಗ್ರ್ಯಾವಿಟಿ ಅಳೆಯುವ ಹೈಡ್ರೋಮೀಟರ್ ಹಿಡಿಯಬೇಡಿ. ಹೊಸ ನೀರು ಹಗುರ, ಸ್ವಲ್ಪ ಹೊತ್ತು ಮೇಲೇ ನಿಂತಿರುತ್ತದೆ, ರೀಡಿಂಗ್ ಕಡಿಮೆ ಬಂದು ಗಾಬರಿ ಹುಟ್ಟಿಸುತ್ತದೆ. ಪೂರ್ತಿ ಚಾರ್ಜ್ ಆಗಿದ್ದು, ನೀರು ಹಾಕುವ ಮೊದಲು ನೋಡಿದ್ದೇ ಸರಿ. ನಮ್ಮಲ್ಲಿ 1.280 ಆಸುಪಾಸು ಬರುತ್ತದೆ. ಮನೆಯ ಇನ್ವರ್ಟರ್‌ನ ಟ್ಯೂಬುಲರ್ ಬ್ಯಾಟರಿಯಲ್ಲಿ 1.240 ಹತ್ತಿರ ಬಂದರೂ ಸರಿಯೇ.

ಕನ್ನಡಕ, ಕೈಗವಸು ಹಾಕಿಕೊಳ್ಳದೆ ಮುಚ್ಚಳ ಮುಟ್ಟಲು ನಾನು ಬಿಡುವುದಿಲ್ಲ. ಹತ್ತಿ ಅಂಗಿಗೆ ಹನಿ ಬಿದ್ದಿದ್ದು ಆಗ ಕಾಣುವುದಿಲ್ಲ, ಒಗೆದಾಗ ತೂತು ಬೀಳುತ್ತದೆ; ಕಣ್ಣಿಗೆ ಬಿದ್ದರೆ ಅಷ್ಟಕ್ಕೆ ಮುಗಿಯುವುದಿಲ್ಲ. ಬಿದ್ದರೆ ತಕ್ಷಣ ಧಾರಾಳ ನೀರಿನಲ್ಲಿ ತೊಳೆಯುತ್ತಲೇ ಇರಬೇಕು, ಆಮೇಲೆ ಡಾಕ್ಟರ ಹತ್ತಿರ. ಚಾರ್ಜ್ ಆಗುವಾಗ ಬರುವ ಹೈಡ್ರೋಜನ್ ಗಾಳಿಯಲ್ಲಿ ಶೇಕಡಾ 4 ಸೇರಿದರೆ ಸಾಕು, ಒಂದು ಕಿಡಿಗೆ ಸಿಡಿಯುತ್ತದೆ. ಅದಕ್ಕೇ ಬಾಗಿಲು ತೆಗೆದಿರಬೇಕು, ಬೀಡಿ ಅಲ್ಲಿ ಸುಳಿಯಬಾರದು, ನೀರು ಹಾಕುವ ಕೊಳವೆ ಪ್ಲಾಸ್ಟಿಕ್ಕಿನದೇ ಇರಬೇಕು.

ಕೊನೆಗೊಂದು ನೋಟ್‌ಬುಕ್. ಯಾವ ಸೆಲ್‌ಗೆ ಎಷ್ಟು ನೀರು ಹೋಯಿತು ಅಂತ ಬರೆದಿಡಿ. ಎಲ್ಲ ಸೆಲ್‌ಗಳೂ ಇದ್ದಕ್ಕಿದ್ದಂತೆ ಜಾಸ್ತಿ ಕುಡಿಯುತ್ತಿದ್ದರೆ ಚಾರ್ಜರ್ ನೋಡಿಸಿ: ಬ್ಯಾಟರಿ ತುಂಬಿದ ಮೇಲೂ ಹೆಚ್ಚಾಗಿ ಹೋದ ಪ್ರತಿ 3 ಆಂಪಿಯರ್ ಅವರ್ ಚಾರ್ಜಿಗೆ (3 ಆಂಪಿಯರ್ ಕರೆಂಟ್ ಒಂದು ಗಂಟೆ ಹರಿದಷ್ಟು) ಒಂದು ಸೆಲ್ ಸುಮಾರು 1 ಗ್ರಾಂ ನೀರು ಕಳೆದುಕೊಳ್ಳುತ್ತದೆ. ಒಂದೇ ಸೆಲ್ ಕುಡಿಯುತ್ತಿದ್ದರೆ ಅದರ ಡಬ್ಬಿ ಸೀಳಿರಬಹುದು, ಅಥವಾ ಆ ಸೆಲ್ಲೇ ಕೆಟ್ಟಿರಬಹುದು. ದಿನಾ ಓಡುವ ಗಾಡಿಗೆ ತಿಂಗಳುಗಟ್ಟಲೆ ನೀರೇ ಬೇಕಾಗಲಿಲ್ಲ ಅಂದರೆ ಖುಷಿಪಡಬೇಡಿ, ಅದು ಪೂರ್ತಿ ಚಾರ್ಜೇ ಆಗುತ್ತಿಲ್ಲದಿರಬಹುದು, ಅವತ್ತೇ ಹೈಡ್ರೋಮೀಟರ್ ಹಾಕಿ ನೋಡಿ.